ಗ್ರಾಮ ಪಂಚಾಯಿತಿ ಕಾಮಗಾರಿಗಳಲ್ಲಿ ಮಿಗ್ ಬೆಸುಗೆ: ಎಲ್ಲಿ ಸೂಕ್ತ, ಎಲ್ಲಿ ಅಲ್ಲ

ಗ್ರಾಮ ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಕಬ್ಬಿಣದ ಕೆಲಸಕ್ಕೆಂದು ಪ್ರತ್ಯೇಕ ಶೀರ್ಷಿಕೆ ಇರುವುದು ಅಪರೂಪ. ಆದರೂ ಅಂಗನವಾಡಿಯ ಗೇಟು, ಓವರ್‌ಹೆಡ್ ಟ್ಯಾಂಕಿನ ಏಣಿ, ಬಸ್ ತಂಗುದಾಣದ ಚಾವಣಿ, ಕಸ ಸಂಗ್ರಹಣಾ ವಾಹನದ ಬಾಡಿ, ಶುದ್ಧ ಕುಡಿಯುವ ನೀರಿನ ಘಟಕದ ಚೌಕಟ್ಟು, ಇವೆಲ್ಲವೂ ಬೆಸುಗೆಯ ಬಲದ ಮೇಲೆಯೇ ನಿಂತಿವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವರ್ಕ್‌ಶಾಪುಗಳು ಇಂತಹ ಕೆಲಸಗಳಿಗೆ ಸಲ್ಲಿಸುವ ದರಪಟ್ಟಿಗಳಲ್ಲಿ ‘ಮಿಗ್ ವೆಲ್ಡಿಂಗ್’ ಅಥವಾ ‘ಸಿಒಟು ವೆಲ್ಡಿಂಗ್’ ಎಂಬ ಮಾತು ಕಾಣಿಸಿಕೊಳ್ಳುವುದುಂಟು. ಅದು ಹೊಸ ವಿಧಾನ, ಆದ್ದರಿಂದ ಎಲ್ಲ ಕೆಲಸಕ್ಕೂ ಮೇಲು ಎಂದು ಒಪ್ಪಿಕೊಳ್ಳುವುದೂ, ದರ ಹೆಚ್ಚೆಂದು ತಳ್ಳಿಹಾಕುವುದೂ ಸರಿಯಲ್ಲ. ಕೆಲಸ ಯಾವುದು, ಅದು ಎಲ್ಲಿ ನಡೆಯುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಬೇಕಾದ ವಿಷಯವಿದು.

ಎಲ್ಲರೂ ಕಂಡಿರುವುದು ರಾಡಿನ ವೆಲ್ಡಿಂಗನ್ನು. ಕೊಳವೆಬಾವಿ ಕೊರೆಯುವ ಲಾರಿಯ ಬಳಿ ಕೇಸಿಂಗ್ ಪೈಪುಗಳನ್ನು ಒಂದಕ್ಕೊಂದು ಸೇರಿಸುವುದು ಈ ವಿಧಾನದಿಂದಲೇ. ರಾಡಿನ ಮೈಗೆ ಬಳಿದ ಲೇಪವು ಉರಿದು ಹೊಗೆಯಾಗಿ ಕರಗಿದ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ. ಬಳಿಕ ಕಿಟ್ಟವಾಗಿ ಬೆಸುಗೆಯ ಮೇಲೆ ಕೂರುತ್ತದೆ. ಮಿಗ್ ವಿಧಾನದಲ್ಲಿ ರಾಡೂ ಇಲ್ಲ, ಲೇಪವೂ ಇಲ್ಲ. ಸುರುಳಿಯಿಂದ ಸಣ್ಣ ತಂತಿಯು ಯಂತ್ರದ ಮೂಲಕ ಒಂದೇ ವೇಗದಲ್ಲಿ ಟಾರ್ಚಿನ ತುದಿಗೆ ಬಂದು ಕರಗುತ್ತದೆ. ಅದೇ ಟಾರ್ಚಿನಿಂದ ಹೊರಬರುವ ಅನಿಲವು ಕರಗಿದ ಲೋಹದ ಸುತ್ತ ಕವಚವಾಗಿ ನಿಲ್ಲುತ್ತದೆ. 1948ರ ವೇಳೆಗೆ ಅಮೆರಿಕದಲ್ಲಿ ರೂಪುಗೊಂಡಾಗ ಇದನ್ನು ಅಲ್ಯೂಮಿನಿಯಮ್ಮಿಗೆ ದುಬಾರಿ ಆರ್ಗಾನ್ ಬಳಸಿ ಮಾಡಲಾಗುತ್ತಿತ್ತು. 1950ರ ದಶಕದಲ್ಲಿ ಅಗ್ಗದ ಇಂಗಾಲದ ಡೈಆಕ್ಸೈಡ್ ಬಳಕೆಗೆ ಬಂದ ಮೇಲೆ ಸಾಮಾನ್ಯ ಉಕ್ಕಿನ ಕೆಲಸಕ್ಕೂ ಇಳಿಯಿತು. ವರ್ಕ್‌ಶಾಪಿನವರು ಇಂದಿಗೂ ಸಿಒಟು ಎನ್ನುವುದು ಈ ಕಾರಣಕ್ಕೆ.

ಇದರ ಲಾಭ ಎಲ್ಲಿದೆ ಎಂಬುದು ಒಂದು ಗೇಟಿನ ಲೆಕ್ಕದಿಂದ ತಿಳಿಯುತ್ತದೆ. ಅಂಗನವಾಡಿಯ ಗೇಟಿಗೆ 25 ಮಿ.ಮೀ. ಚೌಕ ಪೈಪಿನ 20 ಲಂಬ ಕಂಬಿಗಳಿವೆ ಎಂದುಕೊಳ್ಳೋಣ. ಪ್ರತಿಯೊಂದೂ ಮೇಲೆ ಕೆಳಗೆ ಸೇರುವುದರಿಂದ 40 ಜೋಡಣೆಗಳು. ಒಂದೊಂದರ ಸುತ್ತಳತೆ 100 ಮಿ.ಮೀ.; ಒಟ್ಟು 4 ಮೀಟರ್ ಬೆಸುಗೆ. ಒಂದು ರಾಡು ಸ್ಥೂಲವಾಗಿ ಒಂದು ಗೇಣು ಉದ್ದಕ್ಕೆ ಬಂದರೆ 20 ರಾಡು ಬೇಕು. ಅಂದರೆ 20 ಬಾರಿ ನಿಲ್ಲಿಸಿ ರಾಡು ಬದಲಿಸಬೇಕು, ಪ್ರತಿ ಜೋಡಣೆಯ ಕಿಟ್ಟವನ್ನು ಬಡಿದು ತೆಗೆಯಬೇಕು. ನಿಲ್ಲಿಸಿ ಮತ್ತೆ ಆರಂಭಿಸುವ ಪ್ರತಿಯೊಂದು ಸ್ಥಳವೂ ದೋಷ ಉಳಿಯಬಹುದಾದ ಸ್ಥಳವೇ. ಇದಕ್ಕಿಂತ ಮುಖ್ಯವಾದ ತೊಡಕು ಪೈಪಿನ ತೆಳುವಿನದು. ಗೋಡೆಯ ದಪ್ಪ 1.6 ಅಥವಾ 2 ಮಿ.ಮೀ. ಇರುವ ಪೈಪಿಗೆ 3.15 ಮಿ.ಮೀ. ರಾಡನ್ನು ಹಿಡಿದರೆ ತೂತು ಬೀಳುತ್ತದೆ. ತೂತು ಬೀಳದಿರಲೆಂದು ವೆಲ್ಡರ್ ನಾಲ್ಕೂ ಬದಿ ತುಂಬುವುದನ್ನು ಬಿಟ್ಟು ಅಲ್ಲಲ್ಲಿ ಚುಕ್ಕೆಯಿಟ್ಟು ಬಣ್ಣ ಬಳಿಯುತ್ತಾನೆ. ಮಕ್ಕಳು ಗೇಟನ್ನು ಹತ್ತಿ ಜೋಕಾಲಿಯಾಡುವುದು ಯಾವ ಊರಿಗೂ ಹೊಸದಲ್ಲ. ಆ ತೂಕವನ್ನು ತಡೆಯಬೇಕಾದುದು ಇದೇ ಚುಕ್ಕೆಗಳು.

0.8 ಮಿ.ಮೀ. ತಂತಿಯ ಮಿಗ್ ಯಂತ್ರವು ಕಡಿಮೆ ಶಾಖದಲ್ಲಿ ತೆಳುಪೈಪಿನ ನಾಲ್ಕೂ ಬದಿಯನ್ನು ನಿಲ್ಲದೆ ತುಂಬಬಲ್ಲದು. ಕಸದ ವಾಹನದ ತಗಡು, ರೇಷ್ಮೆಹುಳು ಸಾಕಣೆಯ ಸ್ಟ್ಯಾಂಡು, ಶಾಲೆಯ ಬೆಂಚು, ಕಿಟಕಿಯ ಗ್ರಿಲ್ಲು, ಇವು ಇದೇ ವರ್ಗಕ್ಕೆ ಸೇರಿದವು. ಲೋಹ ತೆಳು, ಜೋಡಣೆಗಳು ಅನೇಕ, ಒಂದೇ ಮಾದರಿಯ ವಸ್ತುಗಳು ಹಲವು, ಕೆಲಸ ನಡೆಯುವುದು ಸೂರಿನ ಕೆಳಗೆ: ಈ ನಾಲ್ಕೂ ಕೂಡಿದ್ದಲ್ಲಿ ಮಿಗ್ ವಿಧಾನವನ್ನೇ ಆರಿಸುವುದು ಉತ್ತಮ, ದರ ಸ್ವಲ್ಪ ಹೆಚ್ಚಾದರೂ ಸರಿ.

ಸೂರು ತಪ್ಪಿದೊಡನೆ ಚಿತ್ರ ಬದಲಾಗುತ್ತದೆ. ಅನಿಲದ ಕವಚವನ್ನು ಚದುರಿಸಲು ಬಿರುಗಾಳಿ ಬೇಕಿಲ್ಲ. ಗಂಟೆಗೆ ಸುಮಾರು 8 ಕಿ.ಮೀ. ವೇಗದ, ಮರದ ಎಲೆ ಸದ್ದು ಮಾಡುವಷ್ಟು ಗಾಳಿ ಸಾಕು. ಕವಚ ಚದುರಿದರೆ ಬೆಸುಗೆಯ ಒಳಗೆಲ್ಲ ದೋಸೆಯ ಮೈಯಂತೆ ರಂಧ್ರಗಳಾಗುತ್ತವೆ. ಆಷಾಢದ ಗಾಳಿಯಲ್ಲಿ ಬಯಲಿನ ನಡುವೆ ನಿಂತ ಟ್ಯಾಂಕಿನ ಮೇಲೆ ಮಿಗ್ ಬೆಸುಗೆ ಮಾಡಿಸುವುದು ಹಣ ಕೊಟ್ಟು ರಂಧ್ರ ಕೊಂಡಂತೆ. ಸಿಲಿಂಡರು, ಯಂತ್ರ, ತಂತಿಯ ಸುರುಳಿ ಇಷ್ಟನ್ನೂ ಸಾಗಿಸಬೇಕಾದ ತೊಂದರೆ ಬೇರೆ. ದೊಡ್ಡ ಯಂತ್ರಕ್ಕೆ ತ್ರೀ ಫೇಸ್ ವಿದ್ಯುತ್ತು ಬೇಕು. ಕೆಲವು ಹಳ್ಳಿಗಳಲ್ಲಿ ಅದು ದಿನವಿಡೀ ದೊರೆಯದಿರಬಹುದು. ಅನಿಲವಿಲ್ಲದೆ ನಡೆಯುವ ಒಳಲೇಪದ ತಂತಿಯೂ ಮಾರುಕಟ್ಟೆಯಲ್ಲಿದೆ. ಆದರೆ ಅದಕ್ಕೆ ಒಗ್ಗುವ ಯಂತ್ರ, ಅಭ್ಯಾಸವಿರುವ ಕೈ ಎರಡೂ ಇದ್ದಲ್ಲಿ ಮಾತ್ರ ಅದನ್ನು ಒಪ್ಪಬಹುದು. ಸ್ಥಳದಲ್ಲಿ ಮಾಡಬೇಕಾದ ಜೋಡಣೆಗೆ ರಾಡೇ ಇಂದಿಗೂ ಭರವಸೆಯದು. ತುಕ್ಕು ಹಿಡಿದ ಹಳೆಯ ಕಬ್ಬಿಣದ ದುರಸ್ತಿಗೂ ಅಷ್ಟೆ. ರಾಡು ಅಲ್ಪಸ್ವಲ್ಪ ತುಕ್ಕನ್ನು ಸಹಿಸುತ್ತದೆ. ಮಿಗ್ ತಂತಿಗೆ ಲೋಹವನ್ನು ಹೊಳೆಯುವಂತೆ ಉಜ್ಜಿ ಕೊಡಬೇಕು.

ಟ್ಯಾಂಕಿನ ಏಣಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಕ್ಲೋರಿನ್ ಹಾಕಲು, ತೊಟ್ಟಿ ತೊಳೆಯಲು ನೀರುಗಂಟಿಯು ಮತ್ತೆ ಮತ್ತೆ ಹತ್ತುವುದು ಇದನ್ನೇ. ಏಣಿಗೆ ಬಳಸುವ ಆಂಗಲ್ ಸಾಮಾನ್ಯವಾಗಿ 5 ಅಥವಾ 6 ಮಿ.ಮೀ. ದಪ್ಪದ್ದು. ಗೇಟು ಮಾಡುವ ಸಣ್ಣ ಮಿಗ್ ಯಂತ್ರದಿಂದ, ಅದೇ ಕಡಿಮೆ ಕರೆಂಟಿನಲ್ಲಿ ಇದನ್ನೂ ಬೆಸೆದರೆ ತಂತಿಯು ಕರಗಿ ಆಂಗಲಿನ ಮೇಲೆ ಕೂರುತ್ತದೆಯೇ ಹೊರತು ಆಂಗಲ್ ಕರಗಿ ಅದರೊಡನೆ ಬೆರೆಯುವುದಿಲ್ಲ. ಕಣ್ಣಿಗೆ ಮಾತ್ರ ಅಂದವಾದ, ಸಾಲು ತಪ್ಪದ ಬೆಸುಗೆ ಕಾಣುತ್ತದೆ. ರಾಡಿನ ಕೆಟ್ಟ ಬೆಸುಗೆ ನೋಡಲೂ ಕೆಟ್ಟದಾಗಿರುತ್ತದೆ. ಮಿಗ್‌ನ ಕೆಟ್ಟ ಬೆಸುಗೆ ಚೆಂದವಾಗಿಯೇ ಇರಬಲ್ಲದು. ಪರಿಶೀಲನೆಗೆ ಬಂದ ಸದಸ್ಯರನ್ನು ಮೋಸಗೊಳಿಸುವುದು ಇದೇ ಗುಣ. ದಪ್ಪ ಲೋಹಕ್ಕೆ ಮಿಗ್ ಬಳಸಲೇಬಾರದೆಂದಲ್ಲ. 1.2 ಮಿ.ಮೀ. ತಂತಿ, 200 ಆಂಪಿಯರ್ ಮೀರಿದ ಯಂತ್ರ, ಅಂಚು ಓರೆಯಾಗಿ ಉಜ್ಜಿದ ಜೋಡಣೆ ಇದ್ದರೆ ಟ್ರ್ಯಾಕ್ಟರ್ ಟ್ರೇಲರಿನ ಚಾಸಿಯನ್ನೂ ಇದರಿಂದ ಮಾಡಬಹುದು. ಅಂತಹ ಯಂತ್ರ ಇಲ್ಲದ ವರ್ಕ್‌ಶಾಪಿಗೆ ಏಣಿಯ ಕೆಲಸದಲ್ಲಿ ರಾಡನ್ನೇ ಬಳಸುವಂತೆ ಹೇಳುವುದು ಕ್ಷೇಮ.

ಹಲವು ಕಾಮಗಾರಿಗಳಲ್ಲಿ ಎರಡೂ ವಿಧಾನಗಳನ್ನು ಕೂಡಿಸುವುದೇ ಸರಿಯಾದ ದಾರಿ. ಬಸ್ ತಂಗುದಾಣದ ಚಾವಣಿಯ ಚೌಕಟ್ಟನ್ನು ಲಾರಿಯಲ್ಲಿ ಹೊರಬಹುದಾದ ಭಾಗಗಳಾಗಿ ವರ್ಕ್‌ಶಾಪಿನಲ್ಲಿ ಮಿಗ್‌ನಿಂದ ಸಿದ್ಧಪಡಿಸಿ, ಸ್ಥಳದಲ್ಲಿ ನಟ್ಟು ಬೋಲ್ಟು ಹಾಕಿ ನಿಲ್ಲಿಸಿ, ಅನಿವಾರ್ಯವಾದ ಕೆಲವು ಜೋಡಣೆಗಳನ್ನು ಮಾತ್ರ ರಾಡಿನಿಂದ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ಗಟ್ಟಿಯಾಗಿಯೂ ಇರುತ್ತದೆ.

ಲೋಹದ ಜಾತಿಯನ್ನೂ ನೋಡಬೇಕು. ಶುದ್ಧ ನೀರಿನ ಘಟಕದ ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿಯನ್ನು ಗೇಟಿಗೆ ಬಳಸುವ ತಂತಿಯಿಂದಲೇ ಬೆಸೆದರೆ ಕೆಲವು ತಿಂಗಳಲ್ಲಿ ಜೋಡಣೆಯ ಉದ್ದಕ್ಕೂ ತುಕ್ಕಿನ ಗೆರೆ ಮೂಡುತ್ತದೆ. ಅದಕ್ಕೆ ಸ್ಟೇನ್‌ಲೆಸ್ ತಂತಿಯೂ ಆರ್ಗಾನ್ ಪ್ರಧಾನವಾದ ಅನಿಲವೂ ಬೇಕು. ತೊಟ್ಟಿ ತೆಳುವಾಗಿದ್ದರೆ ಟಿಗ್ ವಿಧಾನವೇ ಲೇಸು. ಒಡೆದ ಪಂಪಿನ ಬೀಡು ಕಬ್ಬಿಣಕ್ಕೆ ಸಾಮಾನ್ಯ ಮಿಗ್ ತಂತಿ ಒಗ್ಗುವುದಿಲ್ಲ, ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತದೆ. ಜಿಐ ಪೈಪಿನ ಸತುವಿನ ಲೇಪವನ್ನು ಉಜ್ಜಿ ತೆಗೆಯದೆ ಬೆಸೆದರೆ ಬೆಸುಗೆಯಲ್ಲಿ ರಂಧ್ರಗಳಾಗುತ್ತವೆ, ಹೊಗೆ ಸೇವಿಸಿದ ವೆಲ್ಡರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಈ ಹೊಗೆ ತಾಗುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಹೈನುಗಾರಿಕೆಯ ಜಿಲ್ಲೆಯಲ್ಲಿ ಅದು ಹಿತವಾದ ನಂಬಿಕೆಯೇ, ಆದರೆ ಹೊಗೆ ಹೋಗುವುದು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ. ಉಜ್ಜಿದ ಜಾಗಕ್ಕೆ ಬೆಸುಗೆಯ ನಂತರ ಸತುವು ಬೆರೆತ ಬಣ್ಣ ಬಳಿಸತಕ್ಕದ್ದು.

ಪ್ರಾಣಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಇಂಗಾಲದ ಡೈಆಕ್ಸೈಡ್, ಆರ್ಗಾನ್ ಎರಡೂ ಗಾಳಿಗಿಂತ ಭಾರವಾದವು, ವಾಸನೆಯಿಲ್ಲದವು. ಸಂಪು ಅಥವಾ ತೊಟ್ಟಿಯೊಳಗೆ ಇಳಿದು ಮಿಗ್ ಬೆಸುಗೆ ಮಾಡಿದರೆ ಅನಿಲವು ತಳದಲ್ಲಿ ತುಂಬಿ, ಒಳಗಿರುವವನು ಅರಿವಿಲ್ಲದೆ ಉಸಿರುಗಟ್ಟಿ ಬೀಳಬಹುದು. ಅವನನ್ನು ಎತ್ತಲು ಇಳಿದವನ ಗತಿಯೂ ಅದೇ. ಒಳಗೆ ಗಾಳಿಯಾಡಿಸುವ ಬ್ಲೋವರ್ ಮತ್ತು ಮೇಲೆ ಕಾವಲಿಗೊಬ್ಬ ವ್ಯಕ್ತಿ ಇಲ್ಲದೆ ಇಂತಹ ಕೆಲಸ ಆರಂಭವಾಗದಂತೆ ನೋಡಿಕೊಳ್ಳುವುದು ಪಂಚಾಯಿತಿಯ ಹೊಣೆ.

ದರಪಟ್ಟಿ ಕರೆಯುವಾಗ ‘ವೆಲ್ಡಿಂಗ್ ಸಹಿತ’ ಎಂಬ ಎರಡು ಪದ ಬರೆದು ಬಿಡುವ ರೂಢಿಯಿಂದ ಮುಂದೆ ತಕರಾರಿಗೆ ಎಡೆಯಾಗುತ್ತದೆ. ಪೈಪಿನ ಗೋಡೆಯ ದಪ್ಪ, ಜೋಡಣೆಯ ಸುತ್ತಲೂ ಪೂರ್ಣ ಬೆಸುಗೆ, ವರ್ಕ್‌ಶಾಪಿನಲ್ಲಿ ಯಾವ ವಿಧಾನ, ಸ್ಥಳದಲ್ಲಿ ಯಾವ ವಿಧಾನ ಎಂಬುದನ್ನು ಕಿರಿಯ ಇಂಜಿನಿಯರರಿಂದ ಅಂದಾಜು ಪಟ್ಟಿಯಲ್ಲೇ ಬರೆಸಬೇಕು. ಸಾಮಾನ್ಯ ಉಕ್ಕಿನ ನಿರ್ಮಾಣದ ಬೆಸುಗೆಗೆ ಐಎಸ್ 816, ರಾಡಿಗೆ ಐಎಸ್ 814, ಮಿಗ್ ತಂತಿಗೆ ಐಎಸ್ 6419 ಮಾನಕಗಳಿವೆ. ಅವುಗಳ ಸಂಖ್ಯೆಯನ್ನು ನಮೂದಿಸುವುದಕ್ಕೆ ಖರ್ಚೇನೂ ಇಲ್ಲ. ಬಣ್ಣ ಬಳಿಯುವ ಮೊದಲೇ ಪರಿಶೀಲನೆ ನಡೆಯಬೇಕು, ಏಕೆಂದರೆ ರೆಡ್ ಆಕ್ಸೈಡಿನ ಕೆಳಗೆ ಎಲ್ಲ ಬೆಸುಗೆಯೂ ಒಂದೇ ತೆರನಾಗಿ ಕಾಣುತ್ತದೆ. ಕೆಲಸ ಆರಂಭವಾಗುವ ದಿನ ಅದೇ ಆಂಗಲಿನ ಎರಡು ತುಂಡುಗಳನ್ನು ಅದೇ ಯಂತ್ರದಲ್ಲಿ, ಅದೇ ವೆಲ್ಡರಿನಿಂದ, ಒಂದೇ ಬದಿಯಿಂದ ಬೆಸೆಯಿಸಿ, ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಬಡಿದು ಮುರಿಸಿ ನೋಡಬೇಕು. ಬೆಸುಗೆಯು ಲೋಹದಿಂದ ನಯವಾಗಿ ಎದ್ದು ಬಂದರೆ ಅದು ಬೆರೆತಿಲ್ಲ. ಕರೆಂಟು ಏರಿಸಿ ಮತ್ತೆ ಮಾಡಿಸಬೇಕು. ಒಪ್ಪಿಗೆಯಾದ ತುಂಡಿಗೆ ಕಾಮಗಾರಿಯ ಹೆಸರು, ದಿನಾಂಕದ ಚೀಟಿ ಕಟ್ಟಿ, ಗುತ್ತಿಗೆದಾರರ ಭದ್ರತಾ ಠೇವಣಿ ಹಿಂದಿರುಗಿಸುವವರೆಗೆ ಪಂಚಾಯಿತಿ ಕಚೇರಿಯಲ್ಲಿ ಇರಿಸಿಕೊಳ್ಳಬಹುದು.