ಮೂಳೆ ಕೂಡಿದರೆ ಸಾಲದು, ಕತ್ತೂ ತಿರುಗಬೇಕು

ಚನ್ನರಾಯಪಟ್ಟಣದ ಕಡೆ ತೆಂಗಿನ ಮರದಿಂದ ಜಾರಿದರೂ, ಹಾಸನ–ಹೊಳೆನರಸೀಪುರ ರಸ್ತೆಯಲ್ಲಿ ಬೈಕ್‌ನಿಂದ ಎಗರಿ ಬಿದ್ದರೂ, ಅರಕಲಗೂಡಿನ ಹೊಲದಲ್ಲಿ ಟ್ರ್ಯಾಕ್ಟರ್ ಮಗುಚಿದರೂ ತಲೆಗೆ ಬಿದ್ದ ಪೆಟ್ಟು ಕತ್ತಿನ ಮೇಲ್ಭಾಗಕ್ಕೆ ಇಳಿಯಬಹುದು. ಆದರೂ ಗಾಯಾಳು ಎದ್ದು ಓಡಾಡಬಲ್ಲ. ಅಪಾಯ ಇರುವುದೇ ಅಲ್ಲಿ.

ಕತ್ತಿನ ಏಳು ಮೂಳೆಗಳಲ್ಲಿ ಮೊದಲನೆಯದು ಬಳೆಯಂತಿದೆ. ಎರಡನೆಯದರಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ಗೂಟವೊಂದು ಮೇಲೆದ್ದಿದೆ. ರಾಗಿ ಬೀಸುವ ಕಲ್ಲು ನಡುಗೂಟದ ಸುತ್ತ ತಿರುಗುವ ಹಾಗೆ ಬಳೆ ಇದರ ಸುತ್ತ ತಿರುಗುತ್ತದೆ. ನಾವು ಕತ್ತು ಹೊರಳಿಸುವುದರಲ್ಲಿ ಅರ್ಧದಷ್ಟು ಈ ಒಂದೇ ಕೀಲಿನದು. ಬಳೆಯೊಳಗೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗೂಟ, ಒಂದು ಪಾಲು ಬೆನ್ನುಹುರಿ, ಉಳಿದದ್ದು ಖಾಲಿ. ಆ ಖಾಲಿ ಜಾಗದಿಂದಲೇ ಗೂಟ ಮುರಿದರೂ ಎಷ್ಟೋ ಸಲ ಕೈಕಾಲು ಆಡುತ್ತವೆ. ಮುರಿದ ತುಂಡು ಹಿಂದೆ ಜರುಗಿ ಹುರಿಯನ್ನು ಒತ್ತಿದರೆ ಉಸಿರೇ ನಿಲ್ಲಬಹುದು.

1974ರಲ್ಲಿ ಆಂಡರ್ಸನ್ ಮತ್ತು ಡಿ'ಅಲೊಂಜೊ ಎಂಬ ವೈದ್ಯರು ಈ ಮುರಿತಗಳನ್ನು ಮೂರು ಬಗೆ ಮಾಡಿದರು. ಗೂಟದ ಬುಡದಲ್ಲಿ ಆಗುವ ಎರಡನೇ ಬಗೆಯದು ಕೂಡಿಕೊಳ್ಳಲು ಸತಾಯಿಸುತ್ತದೆ. ಏಳು ವರ್ಷದೊಳಗಿನ ಮಕ್ಕಳಲ್ಲಿ ಬೆಳೆಯುವ ಮೃದ್ವಸ್ಥಿಯ ಜಾಗದಲ್ಲೇ ಬಿರುಕು ಬಿಡುವುದರಿಂದ ಸಾಮಾನ್ಯವಾಗಿ ಕತ್ತನ್ನು ಅಲುಗಾಡದಂತೆ ಕಟ್ಟಿಟ್ಟರೆ ಸಾಕು.

ಹರೆಯದವರ ವಿಷಯದಲ್ಲಿ ಲೆಕ್ಕ ಬೇರೆ. ಮುರಿತ ಹೊಸದಾಗಿದ್ದು, ಬಿರುಕಿನ ಓರೆ ಅನುಕೂಲವಾಗಿದ್ದು, ಗೂಟವನ್ನು ಹಿಡಿದಿಡುವ ಅಡ್ಡ ತಂತು ಹರಿಯದಿದ್ದರೆ ಕತ್ತಿನ ಮುಂಭಾಗದಿಂದ, ಎಕ್ಸ್‌ರೇ ಪರದೆ ನೋಡುತ್ತಾ, ಗೂಟದೊಳಕ್ಕೇ ಸ್ಕ್ರೂ ಹಾಕುತ್ತಾರೆ. ಮೂಳೆ ಕೂಡುತ್ತದೆ, ಕೀಲೂ ಉಳಿಯುತ್ತದೆ. ಇಲ್ಲವಾದರೆ ಹಿಂದಿನಿಂದ ಎರಡೂ ಮೂಳೆಗಳನ್ನು ಬಿಗಿಯಬೇಕು. ಮುಂಬೈನ ಡಾ. ಅತುಲ್ ಗೋಯೆಲ್ 1994ರಲ್ಲಿ ಪ್ಲೇಟ್–ಸ್ಕ್ರೂಗಳಿಂದ ಬಿಗಿಯುವ ವಿಧಾನ ಪ್ರಕಟಿಸಿದರು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಅದಕ್ಕೆ ಸರಳುಗಳನ್ನು ಜೋಡಿಸಿದರು. ಪಕ್ಕದಲ್ಲೇ ಮೆದುಳಿಗೆ ಹೋಗುವ ರಕ್ತನಾಳವಿರುವುದರಿಂದ ಸ್ಕ್ರೂ ಒಂದೆರಡು ಮಿಲಿಮೀಟರ್ ಆಚೀಚೆ ಆಗುವಂತಿಲ್ಲ. ಇದು ಭದ್ರ, ಆದರೆ ಕತ್ತಿನ ತಿರುಗಾಟ ಅರ್ಧಕ್ಕರ್ಧ ಹೋಗುತ್ತದೆ. ಹಿಂದಿನ ಬಸ್ಸು ನೋಡಲು ಇಡೀ ಮೈ ತಿರುಗಿಸಬೇಕಾಗುತ್ತದೆ. ಇಪ್ಪತ್ತರ ಹುಡುಗನಿಗೆ ಅದು ಜೀವಮಾನದ ಮಾತು. ಅದಕ್ಕೇ ಕೆಲವು ಶಸ್ತ್ರವೈದ್ಯರು ಕೀಲನ್ನು ಬೆಸೆಯದೆ ಬಿಗಿದಿಟ್ಟು, ಗೂಟ ಕೂಡಿದ ಮೇಲೆ ಸ್ಕ್ರೂ ತೆಗೆಯುವುದೂ ಉಂಟು.

ಇಷ್ಟೆಲ್ಲ ಆಯ್ಕೆ ಉಳಿಯುವುದು ಬೆನ್ನುಹುರಿಗೆ ಪೆಟ್ಟಾಗದಿದ್ದರೆ ಮಾತ್ರ. ಬಿದ್ದವರು ಕತ್ತು ನೋವೆಂದರೆ ಆಟೋದಲ್ಲಿ ಕೂರಿಸಬೇಡಿ, ಉಳುಕು ತೆಗೆಸಲು ಕರೆದೊಯ್ಯಬೇಡಿ. ತಲೆಯನ್ನು ಎರಡೂ ಕೈಯಲ್ಲಿ ಅಲುಗಾಡದಂತೆ ಹಿಡಿದು, 108ಕ್ಕೆ ಕರೆ ಮಾಡಿಸಿ. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಗುವವರೆಗೂ ಕತ್ತಿಗೆ ಹಾಕಿದ ಕಾಲರ್ ಬಿಚ್ಚುವುದು ಬೇಡ.