ಹೊಟ್ಟೆ ಉಬ್ಬರ ಬಿಡಲಿಲ್ಲವೇ? ಒಮ್ಮೆ ಡಾಕ್ಟರಿಗೆ ತೋರಿಸಿ

ಯಾವ ಪೇಟೆಯ ಮೆಡಿಕಲ್ ಸ್ಟೋರಿಗೆ ಹೋದರೂ ಗ್ಯಾಸ್ ಮಾತ್ರೆಗೆ ಗಿರಾಕಿ ತಪ್ಪಿದ್ದಲ್ಲ. ‘ಮನೆಯವಳಿಗೆ ಹೊಟ್ಟೆ ಉಬ್ಬರ, ನಾಲ್ಕು ಮಾತ್ರೆ ಕೊಡಿ’ ಎಂದು ಕೊಂಡು ಬಸ್ಸು ಹತ್ತುವ ಯಜಮಾನರು ಬಹಳ. ಹೆಚ್ಚಿನ ಸಲ ಅದು ಬರೀ ಗ್ಯಾಸೇ. ಆದರೆ ವಾರಗಟ್ಟಲೆ ಬಿಡದ ಉಬ್ಬರದ ಹಿಂದೆ ಅಂಡಾಶಯದ ಕ್ಯಾನ್ಸರ್ ಅಡಗಿರಲೂಬಹುದು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಗರ್ಭಕೋಶದ ಎರಡು ಪಕ್ಕದಲ್ಲಿ ಬಾದಾಮಿ ಗಾತ್ರದ ಎರಡು ಅಂಡಾಶಯಗಳಿವೆ. ಸ್ತನದ ಗಂಟಾದರೆ ಕೈಗಾದರೂ ಸಿಕ್ಕೀತು. ಇದು ಕಿಬ್ಬೊಟ್ಟೆಯ ಆಳದಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 47 ಸಾವಿರ ಹೆಂಗಸರಿಗೆ ಇದು ಬಂತು. ಸುಮಾರು 33 ಸಾವಿರ ಮಂದಿ ತೀರಿಕೊಂಡರು. ನಮ್ಮ ಹೆಂಗಸರಲ್ಲಿ ಸ್ತನ, ಗರ್ಭಕೊರಳು ಬಿಟ್ಟರೆ ಮೂರನೆಯ ಸ್ಥಾನ ಇದರದ್ದೇ.

ಲಕ್ಷಣ ನಾಲ್ಕು

ಹೊಟ್ಟೆ ಉಬ್ಬರ, ಕಿಬ್ಬೊಟ್ಟೆ ನೋವು, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರಕ್ಕೆ ಅವಸರ. ಇವು ಯಾರಿಗೆ ಬರೋದಿಲ್ಲ ಹೇಳಿ? ಅದಕ್ಕೇ ಅಮೆರಿಕದ ವೈದ್ಯರು 2007ರಲ್ಲಿ ಒಂದು ಅಳತೆ ಕೊಟ್ಟರು. ಇವುಗಳಲ್ಲಿ ಯಾವುದಾದರೂ ಹೊಸದಾಗಿ, ಅಂದರೆ ವರ್ಷದೊಳಗೆ ಶುರುವಾಗಿ, ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಕಾಡಿದರೆ ತೋರಿಸಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದರೆ ಸಾಕು. ಮುಟ್ಟು ನಿಂತವರಂತೂ ‘ವಯಸ್ಸಾಯ್ತು, ಇದ್ದದ್ದೇ’ ಅನ್ನಬಾರದು.

ಪ್ಯಾಪ್ ಪರೀಕ್ಷೆ ಮಾಡಿಸಿದ್ದೇವಲ್ಲ ಎಂಬ ಧೈರ್ಯವೂ ಬೇಡ. ಅದು ಗರ್ಭಕೊರಳಿಗೆ, ಅಂಡಾಶಯಕ್ಕಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಲಕ್ಷಣವೇ ಇಲ್ಲದವರಿಗೆ ವರ್ಷವರ್ಷ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿದರೂ ಸಾವು ಕಡಿಮೆಯಾಗಲಿಲ್ಲ. ಹಾಗಾಗಿ ಲಕ್ಷಣ ಕಂಡಾಗ ಸುಮ್ಮನಿರದಿರುವುದೇ ನಮ್ಮ ಕೈಲಿರುವ ಉಪಾಯ. ಸ್ತ್ರೀರೋಗ ತಜ್ಞರು ಒಳಪರೀಕ್ಷೆ ಮಾಡಿ, ಸ್ಕ್ಯಾನಿಂಗ್ ಮತ್ತು ಸಿ.ಎ. 125 ರಕ್ತಪರೀಕ್ಷೆ ಬರೆದುಕೊಡುತ್ತಾರೆ.

ತಡವಾದರೆ ಏನಾಗುತ್ತೆ? ಅಮೆರಿಕದ ಲೆಕ್ಕ ನೋಡಿ: ಅಂಡಾಶಯದಲ್ಲೇ ಇರುವಾಗ ಸಿಕ್ಕರೆ ನೂರರಲ್ಲಿ 90ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸುಮಾರು 30.

ತಾಯಿ, ಅಕ್ಕತಂಗಿ, ಚಿಕ್ಕಮ್ಮ, ಸೋದರತ್ತೆಯರಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತೇ? ಡಾಕ್ಟರಿಗೆ ಮೊದಲೇ ಹೇಳಿ. ಬಿ.ಆರ್.ಸಿ.ಎ. ಎಂಬ ಜೀನಿನ ದೋಷ ತಂದೆಯ ಕಡೆಯಿಂದಲೂ ಬರುತ್ತದೆ.

ಖರ್ಚಿನ ಭಯವೇ? ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಇದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಮನೆಯ ಹೆಂಗಸರು ತಮ್ಮ ನೋವನ್ನು ತಾವಾಗಿ ಹೇಳುವುದು ಕಡಿಮೆ. ಆದ್ದರಿಂದ ಯಜಮಾನರೇ, ನೀವೇ ಕೇಳಿ. ಅಂಗಡಿ ಬಾಗಿಲು ಒಂದು ದಿನ ತಡವಾಗಿ ತೆಗೆದರೆ ಗಿರಾಕಿ ಎಲ್ಲೂ ಓಡಿಹೋಗಲ್ಲ.