ಉಣುಗಿನ ಕಡಿತ ಮತ್ತು ಅದರಿಂದ ರಕ್ಷಣೆ

ಪ್ರಾಣಿಶಾಸ್ತ್ರವನ್ನಾಗಲಿ ಸಸ್ಯಶಾಸ್ತ್ರವನ್ನಾಗಲಿ ಅಭ್ಯಾಸ ಮಾಡುವವರು ಕಾಡಿಗೆ ಹೋಗಲೇಬೇಕು. ನಮ್ಮ ಕಡೆ ಇಂಥ ಪ್ರವಾಸಗಳು ಸಾಮಾನ್ಯವಾಗಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಡೆಯುತ್ತವೆ. ಆಗ ಮಳೆ ನಿಂತಿರುತ್ತದೆ, ಹಾದಿ ಒಣಗಿರುತ್ತದೆ, ಮಳೆಗಾಲವಿಡೀ ಕಾಲಿಗೆ ಹತ್ತುತ್ತಿದ್ದ ಇಂಬಳಗಳು ಕಣ್ಮರೆಯಾಗಿರುತ್ತವೆ. ಆದುದರಿಂದ ಕಾಡಿನಲ್ಲಿ ತಿರುಗಾಡಲು ಇದೇ ನಿರಪಾಯವಾದ ಕಾಲವೆಂಬ ಭಾವನೆ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಬೇರೂರಿದೆ. ಶಿವಮೊಗ್ಗೆಯ ಮಲೆನಾಡಿನ ಮಟ್ಟಿಗಾದರೂ ಈ ಭಾವನೆ ತಪ್ಪು. ಅಲ್ಲಿ ಅಪಾಯ ಹೆಚ್ಚಾಗಿರುವುದು ಈ ತಿಂಗಳುಗಳಲ್ಲಿಯೇ. ಅಪಾಯಕ್ಕೆ ಕಾರಣವಾದ ಪ್ರಾಣಿಯ ನಡವಳಿಕೆಯನ್ನು ತಿಳಿದರೆ ರಕ್ಷಣೆಯ ಮಾರ್ಗವೂ ಬಹುಮಟ್ಟಿಗೆ ತಿಳಿದಂತೆಯೇ. ಈ ವಿಷಯವನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

1957ರಲ್ಲಿ ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದೇ ಸಮನೆ ಸಾಯತೊಡಗಿದುವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ತೀವ್ರವಾದ ಜ್ವರ ಬಂತು. ಎರಡಕ್ಕೂ ಸಂಬಂಧವುಂಟೆಂದು ಮೊದಲು ಕಂಡುಕೊಂಡವರು ಹಳ್ಳಿಯ ಜನರೇ ಎಂಬುದನ್ನು ಅವರಿಟ್ಟ ‘ಮಂಗನ ಕಾಯಿಲೆ’ ಎಂಬ ಹೆಸರೇ ಸಾರುತ್ತದೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಹೀಗೆಯೇ ಸಾಯುವುದುಂಟು. ಭಾರತಕ್ಕೆ ಎಂದೂ ಕಾಲಿಡದ ಆ ರೋಗವೇ ಬಂದಿತೋ ಏನೋ ಎಂದು ವಿಜ್ಞಾನಿಗಳು ಗಾಬರಿಗೊಂಡರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಸತ್ತ ಮಂಗದ ದೇಹದಿಂದ ಬೇರ್ಪಡಿಸಿದ ವೈರಸ್ಸು ಹಳದಿ ಜ್ವರದ್ದಾಗಿರಲಿಲ್ಲ. ಬಹು ದೂರದ ರಷ್ಯದಲ್ಲಿ ವಸಂತ ಮತ್ತು ಗ್ರೀಷ್ಮಗಳಲ್ಲಿ ತಲೆದೋರುವ ಮಿದುಳುರಿತದ ವೈರಸ್ಸಿಗೆ ಅದು ದಾಯಾದಿಯಾಗಿತ್ತು. ಅದನ್ನು ಹೊತ್ತು ತರುವ ಪ್ರಾಣಿ ಸೊಳ್ಳೆಯಲ್ಲ, ಉಣುಗು.

ಉಣುಗನ್ನು ಕೆಲವೆಡೆ ಉಣ್ಣೆಯೆಂದೂ ಕರೆಯುತ್ತಾರೆ. ರೂಢಿಯಲ್ಲಿ ಇದನ್ನು ಹುಳುವೆಂದರೂ ಇದು ಕೀಟವರ್ಗಕ್ಕೆ ಸೇರಿದುದಲ್ಲ. ಜೇಡ ಮತ್ತು ಚೇಳುಗಳ ಬಳಗದ್ದು. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಜಾತಿಗೆ ಹೀಮಾಫೈಸಾಲಿಸ್ ಸ್ಪೈನಿಜೆರ ಎಂದು ಹೆಸರು. ಮೊಟ್ಟೆಯೊಡೆದು ಬಂದ ಲಾರ್ವಕ್ಕೆ ಆರೇ ಕಾಲುಗಳು. ಅದು ಒಂದು ಪ್ರಾಣಿಯ ರಕ್ತವನ್ನು ಹೊಟ್ಟೆ ತುಂಬ ಹೀರಿ, ನೆಲಕ್ಕುದುರಿ, ಪೊರೆ ಕಳಚಿ ಎಂಟು ಕಾಲಿನ ನಿಂಫ್ ಆಗುತ್ತದೆ. ನಿಂಫ್ ಇನ್ನೊಂದು ಪ್ರಾಣಿಯನ್ನು ಹತ್ತಿ, ಅದೇ ರೀತಿ ಉಂಡು ಉದುರಿ, ಪ್ರೌಢಾವಸ್ಥೆಗೆ ಬರುತ್ತದೆ. ಪ್ರೌಢ ಉಣುಗಿಗೆ ಮೂರನೆಯ ಪ್ರಾಣಿ ಬೇಕು. ಹೀಗೆ ಇಡೀ ಜೀವಮಾನದಲ್ಲಿ ಮೂರೇ ಊಟ. ಪ್ರೌಢ ಉಣುಗುಗಳು ಕಾಣಿಸುವುದು ಮಳೆಗಾಲದಲ್ಲಿ. ಅವುಗಳಿಗೆ ದನಕರುಗಳಂಥ ದೊಡ್ಡ ಪ್ರಾಣಿಗಳೇ ಪ್ರಿಯ. ಮಳೆ ಹಿಂದೆಗೆದ ಮೇಲೆ ಲಾರ್ವಗಳ ಕಾಲ. ನವೆಂಬರಿನಿಂದ ಮೇ ತಿಂಗಳವರೆಗೆ ನಿಂಫ್‌ಗಳ ಕಾಲ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ನಿಂಫೇ. ಗಾತ್ರದಲ್ಲಿ ಅದು ರಾಗಿಯ ಕಾಳನ್ನು ಮೀರುವುದು ಅಪರೂಪ.

ಲಾರ್ವವು ರೋಗ ತಗುಲಿದ ಇಲಿಯನ್ನೋ ಸೊಂಡಿಲಿಯನ್ನೋ ಮಂಗವನ್ನೋ ಕಚ್ಚಿದಾಗ ವೈರಸ್ಸು ಅದರ ಒಡಲನ್ನು ಸೇರುತ್ತದೆ; ಪೊರೆ ಕಳಚಿದರೂ ಬಿಟ್ಟುಹೋಗುವುದಿಲ್ಲ. ಮುಸಿಯವಾಗಲಿ ಕೆಂಪು ಮೋರೆಯ ಕೋತಿಯಾಗಲಿ ರೋಗದಿಂದ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳು ಅಲ್ಲಿಯೇ ಉದುರುತ್ತವೆ. ಆದಕಾರಣ ಮಂಗ ಸತ್ತ ಸ್ಥಳವೇ ಬಹುಕಾಲ ಅಪಾಯದ ತಾಣವಾಗುತ್ತದೆ. ದನಗಳ ಪಾತ್ರ ಬೇರೆ ತೆರನಾದುದು. ಅವು ವೈರಸ್ಸನ್ನು ವೃದ್ಧಿಪಡಿಸುವುದಿಲ್ಲ. ಆದರೆ ಕಾಡಂಚಿನಲ್ಲಿ ಮೇಯುತ್ತ ಪ್ರೌಢ ಉಣುಗುಗಳಿಗೆ ಯಥೇಚ್ಛವಾಗಿ ರಕ್ತವನ್ನೊದಗಿಸಿ ಅವುಗಳ ಸಂತತಿಯನ್ನು ಬೆಳೆಸುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಅಂಟುವುದಿಲ್ಲವೆಂಬುದೊಂದು ಸಮಾಧಾನ.

ಇನ್ನು ಉಣುಗು ಮೈಯೇರುವ ಬಗೆ. ಸೊಳ್ಳೆ ಹಾರಿ ಬರುತ್ತದೆ, ಚಿಗಟ ನೆಗೆದು ಬರುತ್ತದೆ. ಉಣುಗು ಹಾರಲಾರದು, ನೆಗೆಯಲೂ ಆರದು. ಕತ್ತಿನಲ್ಲೋ ಕಿವಿಯ ಹಿಂದೆಯೋ ಉಣುಗನ್ನು ಕಂಡವರು ಅದು ಮರದಿಂದ ಬಿದ್ದಿತೆಂದು ನಂಬುವುದುಂಟು. ನಿಜವಾಗಿ ಅದು ಕೆಳಗಿನಿಂದ ಹತ್ತಿ ಬಂದುದು. ತರಗೆಲೆಯ ಅಂಚಿನಲ್ಲಿಯೋ ಹುಲ್ಲಿನ ತುದಿಯಲ್ಲಿಯೋ ಅದು ಮುಂಗಾಲುಗಳನ್ನು ಚಾಚಿಕೊಂಡು ಕಾದಿರುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಕಾವನ್ನೂ ವಾಸನೆಯನ್ನೂ ಅರಿಯುವ ಅಂಗ ಆ ಮುಂಗಾಲುಗಳಲ್ಲಿಯೇ ಇದೆ. ಹಾದುಹೋಗುವ ಕಾಲು ಸೋಕಿದೊಡನೆ ಅಂಟಿಕೊಂಡು, ಮೇಲಕ್ಕೆ ತೆವಳುತ್ತ, ಮಂಡಿಯ ಹಿಂಭಾಗ, ತೊಡೆಯ ಸಂದು, ಸೊಂಟದ ಪಟ್ಟಿ, ಕಂಕುಳು ಮೊದಲಾದ ಮೆತ್ತನೆಯ, ಮರೆಯಾದ ಜಾಗವನ್ನು ಹುಡುಕುತ್ತದೆ. ಅದರ ಜೊಲ್ಲಿನಲ್ಲಿ ನೋವನ್ನಡಗಿಸುವ ದ್ರವ್ಯವೂ ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ್ಯವೂ ಇರುತ್ತವೆ. ಹೀಗಾಗಿ ಕಚ್ಚಿಸಿಕೊಂಡವನಿಗೆ ಕಚ್ಚಿದ್ದೇ ತಿಳಿಯದು.

ಉಡುಪಿನ ನಿಯಮವೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದ. ಕೆಳಗಿನಿಂದ ಮೇಲಕ್ಕೆ ಬರುವ ಪ್ರಾಣಿಗೆ ಒಳದಾರಿಯನ್ನು ಮುಚ್ಚಬೇಕು. ಅದು ಹೊರಗೆ, ನಮ್ಮ ಕಣ್ಣಿಗೆ ಬೀಳುವಂತೆ ನಡೆಯಬೇಕು. ಷರಾಯಿಯ ಅಂಚನ್ನು ಕಾಲುಚೀಲದೊಳಕ್ಕೂ ಅಂಗಿಯನ್ನು ಷರಾಯಿಯೊಳಕ್ಕೂ ಸೇರಿಸತಕ್ಕದ್ದು. ಬಟ್ಟೆ ತಿಳಿಬಣ್ಣದ್ದಾಗಿರಲಿ, ಕಪ್ಪು ಬಟ್ಟೆಯ ಮೇಲೆ ರಾಗಿಯಷ್ಟು ಪ್ರಾಣಿಯನ್ನು ಗುರುತಿಸುವವರು ಯಾರು? ನಮ್ಮ ಪ್ರವಾಸಗಳಲ್ಲಿ ವಿದ್ಯಾರ್ಥಿಗಳಿಗೆ ಅತ್ಯಂತ ಕಷ್ಟವಾಗುವ ನಿಯಮ ತರಗೆಲೆಯ ಮೇಲೆ ಕೂರಬಾರದೆಂಬುದು. ಕೂತರೆ ಉಣುಗಿಗೆ ಹತ್ತುವ ಶ್ರಮವನ್ನೇ ತಪ್ಪಿಸಿದಂತಾಯಿತು. ಒಂದು ತುಂಡು ಬಿಳಿ ಫ್ಲಾನೆಲ್ ಬಟ್ಟೆಯನ್ನು ನೆಲದ ಮೇಲೆ ಹತ್ತು ಹೆಜ್ಜೆ ಎಳೆದು ತಿರುವಿ ತೋರಿಸಿದರೆ ಉಪನ್ಯಾಸ ಬೇಕಾಗುವುದಿಲ್ಲ. ಉಣುಗುಗಳನ್ನು ಸಂಗ್ರಹಿಸಲು ಸಂಶೋಧಕರು ಅನುಸರಿಸುವ ವಿಧಾನವೂ ಇದೇ.

ಲೇಪನಗಳಲ್ಲಿ ಡೀಟ್ ಎಂಬುದು ಪ್ರಸಿದ್ಧವಾದುದು. ಸೊಳ್ಳೆ, ನುಸಿಗಳನ್ನೂ ಅದು ದೂರವಿಡುತ್ತದೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದಲ್ಲಿ ಸಿದ್ಧವಾದ ಡೆಪಾ ತೈಲವನ್ನು ಆರೋಗ್ಯ ಇಲಾಖೆಯವರು ಮಲೆನಾಡಿನಲ್ಲಿ ಹಂಚಿದ್ದಾರೆ. ಅದಕ್ಕೆ ಮೊದಲು ಡಿ.ಎಂ.ಪಿ. ತೈಲ ಬಳಕೆಯಲ್ಲಿತ್ತು. ಇವನ್ನು ಹಚ್ಚಬೇಕಾದುದು ತೆರೆದ ಮೈಗೆ. ಬೆವರಿನಿಂದ ತೊಳೆದುಹೋದರೆ ಮತ್ತೆ ಹಚ್ಚಬೇಕು. ಪರ್ಮೆತ್ರಿನ್ ಎಂಬ ಔಷಧವಾದರೋ ಬಟ್ಟೆಗೆ ಮಾತ್ರ, ಮೈಗಲ್ಲ. ಅದು ಉಣುಗನ್ನು ಕೊಲ್ಲಬಲ್ಲದು. ಯಾವ ಲೇಪನವೂ ಮೈಪರೀಕ್ಷೆಗೆ ಬದಲಿಯಾಗಲಾರದು. ಕಾಡಿನಿಂದ ಬಂದೊಡನೆ ಬಟ್ಟೆಯನ್ನು ಕಳಚಿ ಕುದಿಯುವ ನೀರಿಗೆ ಹಾಕತಕ್ಕದ್ದು. ತಣ್ಣೀರಿನಲ್ಲಿ ನೆನೆಸಿದರೆ ಉಣುಗು ಸಾಯುವುದಿಲ್ಲ. ಸಾಬೂನು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ಮೇಲೆ ಹೇಳಿದ ಸಂದುಗಳನ್ನೆಲ್ಲ ಬೆರಳಾಡಿಸಿ ನೋಡಿಕೊಳ್ಳಬೇಕು.

ಕಚ್ಚಿಕೊಂಡಿರುವ ಉಣುಗನ್ನು ಕೀಳುವ ವಿಚಾರದಲ್ಲಿ ಇಂಬಳದ ಅನುಭವ ನಮ್ಮನ್ನು ದಾರಿ ತಪ್ಪಿಸುತ್ತದೆ. ಸುಣ್ಣ, ಉಪ್ಪು, ಹೊಗೆಸೊಪ್ಪಿನ ರಸಗಳಿಗೆ ಇಂಬಳ ತಟ್ಟನೆ ಬಿಡುತ್ತದೆ. ನಮ್ಮ ವಿದ್ಯಾರ್ಥಿಯೊಬ್ಬನು ಅದೇ ನಂಬಿಕೆಯಿಂದ ಉಣುಗಿನ ಮೇಲೆ ಸುಣ್ಣ ಮೆತ್ತಿ ಅದು ಬಿಡುವುದನ್ನೇ ಕಾಯುತ್ತ ಕುಳಿತಿದ್ದನು. ಆದರೆ ಉಣುಗಿನ ಬಾಯಿಯಲ್ಲಿ ಹಿಮ್ಮುಖವಾದ ಮುಳ್ಳುಗಳಿವೆ. ಅದು ಕಿರುಕುಳಕ್ಕೆ ಬಿಟ್ಟುಕೊಡುವ ಪ್ರಾಣಿಯಲ್ಲ. ಸೀಮೆಎಣ್ಣೆ, ಬೀಡಿಯ ಕಿಡಿ ಇವುಗಳಿಂದ ಕಾಲಹರಣ ಮತ್ತು ಗಾಯ, ಅಷ್ಟೆ. ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ಸಮನಾದ ಬಲದಿಂದ ಎಳೆಯಬೇಕು. ಬರಿಗೈಯಲ್ಲಿ ಹಿಸುಕಬಾರದು. ಆಮೇಲೆ ಆ ಜಾಗವನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಉಣುಗು ಒಂದು ಹಗಲು ಒಂದು ರಾತ್ರಿ ಕಚ್ಚಿಕೊಂಡಿದ್ದರೆ ಮಾತ್ರ ಭಯ, ಅದಕ್ಕೆ ಮುಂಚೆ ಕಿತ್ತರೆ ಚಿಂತೆಯಿಲ್ಲವೆಂದು ವಿದೇಶದ ಪುಸ್ತಕಗಳಲ್ಲಿ ಓದಿದವರಿರಬಹುದು. ಆ ಮಾತು ಹೊರಟಿರುವುದು ಅಮೆರಿಕದ ಲೈಮ್ ರೋಗವನ್ನು ಕುರಿತು. ಅಲ್ಲಿ ರೋಗಕಾರಕ ಬ್ಯಾಕ್ಟೀರಿಯ ಉಣುಗಿನ ಕರುಳಿನಿಂದ ಬಾಯಿಗೆ ಬರಲು ಕಾಲ ಹಿಡಿಯುತ್ತದೆ. ಮಂಗನ ಕಾಯಿಲೆಯ ದಾಯಾದಿಯಾದ ಯೂರೋಪಿನ ಮಿದುಳುರಿತದ ವೈರಸ್ಸಾದರೋ ಜೊಲ್ಲಿನ ಗ್ರಂಥಿಯಲ್ಲಿಯೇ ಇದ್ದು, ಕಚ್ಚಿದ ಕೆಲವೇ ನಿಮಿಷಗಳಲ್ಲಿ ಮೈಸೇರಬಲ್ಲದು. ಲೈಮ್ ರೋಗದ ಸಮಾಧಾನವನ್ನು ಮಲೆನಾಡಿಗೆ ಅನ್ವಯಿಸುವುದು ಸರಿಯಲ್ಲ. ಬೇಗ ಕೀಳುವುದು ಒಳ್ಳೆಯದೇ. ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ.

ಹೀಗೆ ಒತ್ತಿ ಹೇಳಲು ಕಾರಣವಿದೆ. ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಯೊಡನೆ ಜ್ವರ, ಅಸಾಧ್ಯವಾದ ತಲೆನೋವು, ಮೈಕೈನೋವು ಕಾಣಿಸುತ್ತವೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಬರುತ್ತದೆ. ಜ್ವರ ಬಿಟ್ಟು ವಾರವೋ ಎರಡು ವಾರವೋ ಕಳೆದ ಮೇಲೆ ಮತ್ತೆ ಮರುಕಳಿಸಿ ಮಿದುಳನ್ನು ಬಾಧಿಸುವುದೂ ಉಂಟು. ನೂರರಲ್ಲಿ ಮೂವರಿಂದ ಐವರು ಸಾಯುತ್ತಾರೆ. ಈ ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ, ಆರೈಕೆಯೇ ಚಿಕಿತ್ಸೆ. ದಶಕಗಳ ಕಾಲ ಕೊಟ್ಟ ಫಾರ್ಮಲಿನ್ ಲಸಿಕೆಯ ರಕ್ಷಣಾಬಲ ಕುಂದಿದುದರಿಂದ 2022ರಲ್ಲಿ ಅದರ ಬಳಕೆ ನಿಂತಿತು.

ಪ್ರವಾಸಕ್ಕೆ ಹೋಗುವ ನಾವು ಷರಾಯಿಯನ್ನು ಕಾಲುಚೀಲಕ್ಕೆ ಸೇರಿಸಿ ಪಾರಾಗಬಹುದು. ಆದರೆ ಈ ರೋಗಕ್ಕೆ ಬಹುವಾಗಿ ಬಲಿಯಾಗುವವರು ಪ್ರವಾಸಿಗಳಲ್ಲ. ಮಲೆನಾಡಿನ ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ತರಗೆಲೆ ಬೇಕು. ಅದನ್ನು ಗುಡಿಸಿ ಹೊರೆಕಟ್ಟುವ ಕಾಲ ಬೇಸಗೆ, ಅಂದರೆ ನಿಂಫ್‌ಗಳ ಕಾಲವೇ. ಅವು ವಾಸಿಸುವುದೂ ತರಗೆಲೆಯಲ್ಲಿಯೇ. ಸೌದೆ ತರುವವರು, ದನ ಕಾಯುವವರು ಇವರದೂ ಇದೇ ಪಾಡು. ಕಾಡಿಗೆ ಹೋಗಬೇಡಿರೆಂದು ಇವರಿಗೆ ಹೇಳುವುದು ಸುಲಭ. ಹೋಗದಿದ್ದರೆ ಇವರಿಗೆ ಜೀವನವಿಲ್ಲ. ಬರಿಗಾಲಿನಲ್ಲಿ ಹೊರೆ ಹೊರುವ ಹೆಂಗಸಿಗೆ ಗಂಬೂಟು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಉತ್ತರ ಕೊಡದ ಸಲಹೆಯನ್ನು ನಾವು ಸಲಹೆಯೆಂದು ಎಣಿಸಲಾರೆವು. ತೈಲವನ್ನು ಹಂಚಿದರೂ ಅದರ ಜಿಡ್ಡು, ವಾಸನೆಗಳಿಗೆ ಬೇಸತ್ತು ಮೂಲೆಗಿಡುವವರಿದ್ದಾರೆ. ಮನೆಮನೆಗೆ ಹೋಗಿ ಹಚ್ಚುವ ಕ್ರಮವನ್ನೂ ಕಾರಣವನ್ನೂ ತಿಳಿಸಬಲ್ಲವರು ಆ ಊರಿನಿಂದಲೇ ಬಂದು ಕಾಲೇಜಿನಲ್ಲಿ ಓದುತ್ತಿರುವ ವಿದ್ಯಾರ್ಥಿಗಳು.

ರೋಗ ಸೊರಬದಲ್ಲಿಯೇ ಉಳಿದಿಲ್ಲ. 1982–83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗೇರು ಬೆಳೆಸಲು ಕಾಡು ಕಡಿದ ಪ್ರದೇಶದ ಸುತ್ತ, ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿತು. 2012ರಿಂದೀಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವೆ, ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅನೇಕರು ಸತ್ತರು. ಆದುದರಿಂದ ಪಶ್ಚಿಮ ಘಟ್ಟದ ಯಾವ ಕಾಡಿಗೇ ಹೋಗಲಿ, ಹೊರಡುವ ಮೊದಲು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಋತುವಿನಲ್ಲಿ ಮಂಗಗಳು ಸತ್ತಿವೆಯೇ ಎಂದು ವಿಚಾರಿಸತಕ್ಕದ್ದು. ಸತ್ತ ಮಂಗ ಕಣ್ಣಿಗೆ ಬಿದ್ದರೆ ಹತ್ತಿರ ಹೋಗದೆ, ಮುಟ್ಟದೆ, ಸ್ಥಳವನ್ನು ಗುರುತಿಟ್ಟುಕೊಂಡು ಅರಣ್ಯ ಇಲಾಖೆಗೋ ಆರೋಗ್ಯ ಇಲಾಖೆಗೋ ತಿಳಿಸಬೇಕು. ಹಿಂದಿರುಗಿದ ಮೇಲೆ ಎರಡು ವಾರಗಳೊಳಗೆ ಯಾರಿಗಾದರೂ ಜ್ವರ ಬಂದರೆ, ವೈದ್ಯರು ಕೇಳಲಿ ಬಿಡಲಿ, ತಾನು ಇಂಥ ದಿನ ಇಂಥ ಕಾಡಿನಲ್ಲಿದ್ದೆನೆಂದು ಮೊದಲೇ ಹೇಳಬೇಕು.